ಕೀಲೆಣ್ಣೆ ಕುಡಿದ ಬ್ರೇಕು

ಆ ದಿನದ ಅನಾಹುತಗಳಿಗೆಲ್ಲ ಮೂಲ, ಹೆಸರುಕಾಳಿನಷ್ಟು ದಪ್ಪದ ಒಂದು ಗಾಳಿಗುಳ್ಳೆ.

ಅದು ರುದ್ರಮೂರ್ತಿಯ ಕಾರಿನ ಬ್ರೇಕ್ ಪೈಪಿನೊಳಗೆ ಎಲ್ಲೋ ಅಡಗಿ ಕುಳಿತಿತ್ತು. ಎಣ್ಣೆಯನ್ನು ಎಷ್ಟು ಅದುಮಿದರೂ ಅದು ಕುಗ್ಗುವುದಿಲ್ಲ. ಗಾಳಿಯನ್ನು ಅದುಮಿದರೆ ನಾಚಿಕೆಯಿಲ್ಲದೆ ಕುಗ್ಗುತ್ತದೆ. ಹೀಗಾಗಿ ಪೆಡಲನ್ನು ತುಳಿದಾಗ ಕಾಲಿನ ಬಲವು ಚಕ್ರದವರೆಗೆ ತಲುಪದೆ, ಸಂತೆಗೆ ಕಳಿಸಿದ ಆಳು ದಾರಿಯ ಹೋಟೆಲಿನಲ್ಲೇ ಕೂತುಬಿಟ್ಟಂತೆ, ಆ ಗುಳ್ಳೆಯ ಬಳಿಯೇ ಉಳಿದುಬಿಡುತ್ತಿತ್ತು. ಪೆಡಲು ನೆಲ ಮುಟ್ಟುತ್ತಿತ್ತು. ಚಕ್ರ ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ರುದ್ರಮೂರ್ತಿ ಅಜ್ಜಂಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದ. ಶಿವನಿ ಎಂಬ ಊರಿನ ತನ್ನ ಮನೆಯ ಈರುಳ್ಳಿ ಶೆಡ್ಡಿನಲ್ಲಿ, ಎರಡು ವರ್ಷಗಳಿಂದ, ಹಳೆಯ ಸಣ್ಣ ಕಾರೊಂದರ ಎಂಜಿನ್ನು, ಬೇರೆ ಬೇರೆ ವಾಹನಗಳ ಚಕ್ರ, ಸ್ಟೀರಿಂಗು, ತಗಡುಗಳನ್ನು ಕೂಡಿಸಿ ಒಂದು ಸ್ಪೋರ್ಟ್ಸ್ ಕಾರನ್ನು ಕಟ್ಟುತ್ತಿದ್ದ. ಎರಡೇ ಸೀಟು, ಮೇಲೆ ಹೊದಿಕೆಯಿಲ್ಲ, ಬಣ್ಣ ಕೆಂಪು. ನಾಲ್ಕು ಚಕ್ರಕ್ಕೂ ಹೊಳೆಯುವ ಡಿಸ್ಕ್ ಬ್ರೇಕು. ನೋಡಿದವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ, "ಮೇಲ್ಗಡೆ ಇನ್ನೂ ಹಾಕಿಲ್ವಾ?" ಎಂದು. ಅದಕ್ಕೆ ಉತ್ತರ ಹೇಳುವುದನ್ನು ಅವನು ಕಳೆದ ವರ್ಷವೇ ನಿಲ್ಲಿಸಿದ್ದ.

ಭಾನುವಾರ ಬೆಳಿಗ್ಗೆ ಅವನು ಗಾಡಿಯ ಕೆಳಗೆ ಮಲಗಿದ್ದಾಗ ತಾಯಿ ವಿಶಾಲಾಕ್ಷಮ್ಮ ಬಂದು ಅವನ ಪಾದಗಳ ಬಳಿ ನಿಂತರು. ಗಂಡ ತೀರಿಕೊಂಡ ಮೇಲೆ ಹೊಲ, ಮಳಿಗೆ, ವ್ಯಾಪಾರ ಎಲ್ಲವನ್ನೂ ಒಬ್ಬರೇ ನಡೆಸಿಕೊಂಡು ಬಂದವರು. ಮಾತನ್ನು ತೂಕ ಮಾಡಿ ಕೊಡುವವರು.

"ರುದ್ರಾ, ನಾಳೆ ಈರುಳ್ಳಿ ಬತ್ತಾವೆ. ಶೆಡ್ ಖಾಲಿ ಆಗ್ಬೇಕು."

"ಆಗುತ್ತಮ್ಮ. ಇನ್ನೇನು ಕ್ಲಚ್ಚೂ ಬ್ರೇಕೂ ಅಷ್ಟೇ."

"ಗೌರಿ ಹಬ್ಬಕ್ಕೂ ಇದೇ ಹೇಳ್ದೆ. ಇಲ್ಲಿ ಕೇಳು. ಇವತ್ತು ಸಂಜೆ ಒಳಗೆ ಅದು ತಾನಾಗೇ ಓಡ್ಬೇಕು, ತಾನಾಗೇ ನಿಲ್ಬೇಕು. ಹಂಗಾದ್ರೆ ನಾನು ಅದನ್ನ ಗುಜರಿಗೆ ಹಾಕಲ್ಲ. ಇಲ್ಲಾಂದ್ರೆ ತರೀಕೆರೆ ಗಿರಿಯಪ್ಪ ಬಂದು ತುಂಬ್ಕೊಂಡು ಹೋಗ್ತಾನೆ. ಫೋನ್ ಮಾಡಿದ್ದಾಗಿದೆ."

"ಗುಜರಿ ಗಿರಿಯಪ್ಪನಾ?" ರುದ್ರಮೂರ್ತಿ ಗಾಬರಿಯಿಂದ ಎದ್ದು ಕುಳಿತ. ತಾನು ಗಾಡಿಯ ಕೆಳಗಿದ್ದೇನೆ ಎಂಬುದು ಅವನಿಗೆ ಹಣೆ ಬಡಿದ ಮೇಲೆ ನೆನಪಾಯಿತು.

ಗಿರಿಯಪ್ಪ ಸುತ್ತಲಿನ ತಾಲ್ಲೂಕುಗಳಲ್ಲಿ ಪ್ರಸಿದ್ಧ. ಅವನ ಪಿಕಪ್ಪು ಬಂದ ಬೀದಿಯಲ್ಲಿ ಹೊರಗಿಟ್ಟ ಸೈಕಲ್ಲನ್ನು ಜನ ಒಳಗೆ ತಂದುಕೊಳ್ಳುತ್ತಿದ್ದರು. ಬೆಳಿಗ್ಗೆ ಟ್ರ್ಯಾಕ್ಟರಾಗಿದ್ದದ್ದು ಅವನ ಕೈಯಲ್ಲಿ ಸಂಜೆಯ ಹೊತ್ತಿಗೆ ಕಬ್ಬಿಣದ ಗುಡ್ಡೆಯಾಗಿರುತ್ತಿತ್ತು.

ರುದ್ರಮೂರ್ತಿ ಕ್ರಮಬದ್ಧ ಮನುಷ್ಯ. ಹಣೆಗೆ ತಣ್ಣೀರು ಹಚ್ಚಿಕೊಂಡು ಕೆಲಸವನ್ನು ಎರಡು ಭಾಗ ಮಾಡಿದ: ಮೊದಲು ಕ್ಲಚ್ಚು, ಅನಂತರ ಬ್ರೇಕು. ಓಡುವುದು ಮೊದಲು, ನಿಲ್ಲುವುದು ಆಮೇಲೆ. ತರ್ಕ ಸರಿಯಾಗಿತ್ತು. ಆದರೆ ಶಿವನಿಯಂಥ ಊರಿನಲ್ಲಿ ಬಾಗಿಲು ತೆರೆದ ಶೆಡ್ಡಿನೊಳಗೆ ಒಬ್ಬ ಮನುಷ್ಯ ಒಂಟಿಯಾಗಿ ತರ್ಕ ಮಾಡುವುದನ್ನು ಜನ ಸಹಿಸುವುದಿಲ್ಲ.

ಮೊದಲು ಬಂದವರು ಎದುರುಮನೆಯ ರಘುನಾಥ್. ಬಸ್ ಡ್ರೈವರಾಗಿ ನಿವೃತ್ತರಾದವರು. ಅವರ ಬೆನ್ನಿಗೇ ಪಕ್ಕದ ಮನೆಯ ಕನಕರಾಜು ಬಂದ. ಅವನು ಟ್ರ್ಯಾಕ್ಟರಿನ ಒಡೆಯ. ಇಬ್ಬರೂ ಕ್ಲಚ್ ಪೆಡಲನ್ನು ಒಂದೊಂದು ಸಲ ಒತ್ತಿ ನೋಡಿದರು. ಗಾಡಿಯನ್ನು ಚಾಲೂ ಮಾಡಿ ಪೆಡಲು ಬಿಟ್ಟರೆ ಅದು ಕಟ್ಟು ಬಿಚ್ಚಿದ ಕರುವಿನಂತೆ ಒಂದು ನೆಗೆತ ನೆಗೆದು, ಕೆಮ್ಮಿ, ಆರಿಹೋಗುತ್ತಿತ್ತು.

"ಮೇಷ್ಟ್ರೇ, ಕೇಬಲ್ಲು ಬಿಗಿ ಆಗಿದೆ. ಸಡ್ಲಿಸಿ," ಎಂದರು ರಘುನಾಥ್.

"ಸಡ್ಲ ಆಗಿರೋದಕ್ಕೇ ಹಿಂಗಾಡ್ತಿರೋದು ಕಣ್ರೀ. ಬಿಗಿ ಮಾಡು ರುದ್ರಣ್ಣ," ಎಂದ ಕನಕರಾಜು.

"ಏನಪ್ಪಾ, ನಾನು ಜೀವಮಾನ ಎಲ್ಲಾ ಕ್ಲಚ್ ತುಳಿದೋನು."

"ಬಸ್ಸು ನಿಮ್ದಲ್ವಲ್ಲ, ತುಳೀತಿದ್ರಿ. ಟ್ರ್ಯಾಕ್ಟರು ನಂದು. ಅದಕ್ಕೆ ನೋಡಿ ತುಳೀತೀನಿ."

ಕ್ಲಚ್ಚಿನ ಪೆಡಲು ಮೊದಲ ಒಂದು ಬೆರಳಿನಷ್ಟು ದೂರ ಖಾಲಿ ಚಲಿಸಬೇಕು, ಆಮೇಲಷ್ಟೇ ಕಚ್ಚಬೇಕು ಎಂಬುದು ರುದ್ರಮೂರ್ತಿಗೆ ಗೊತ್ತಿತ್ತು. ಕೇಬಲಿನ ತುದಿಯ ನಟ್ಟು ಈಗ ಎಲ್ಲಿದೆಯೋ ಅಲ್ಲಿಗೆ ಸೀಮೆಸುಣ್ಣದಿಂದ ಒಂದು ಗೀಟೆಳೆದು, "ಬ್ರೇಕ್ ಆಯಿಲ್ ತರೋಕೆ ಅಜ್ಜಂಪುರಕ್ಕೆ ಹೋಗಿ ಬತ್ತೀನಿ. ದಯವಿಟ್ಟು ಯಾರೂ ಮುಟ್ಬೇಡಿ," ಎಂದು ಕೈಮುಗಿದು ಬೈಕು ಹತ್ತಿದ.

ಅವನು ಮರಳಿ ಬಂದಾಗ ಗೀಟು ಇದ್ದಲ್ಲೇ ಇತ್ತು. ಆದರೆ ನಟ್ಟಿನ ಸುತ್ತ ಗ್ರೀಸು ಮೆತ್ತಿದ ಬೆರಳಚ್ಚುಗಳಿದ್ದವು. ರಘುನಾಥ್ ಅವನನ್ನು ಗುಟ್ಟಾಗಿ ಒಂದು ಪಕ್ಕಕ್ಕೆ ಕರೆದರು.

"ನೀವು ಹೋದ ಮೇಲೆ ಎರಡು ಸುತ್ತು ಸಡ್ಲಿಸಿದೀನಿ. ಈಗ ತುಳಿದು ನೋಡಿ, ಬೆಣ್ಣೆ."

ಕನಕರಾಜು ಇನ್ನೊಂದು ಪಕ್ಕಕ್ಕೆ ಎಳೆದ.

"ರುದ್ರಣ್ಣ, ಬಸ್ಸಿನೋರು ಚಾ ಕುಡಿಯೋಕೆ ಹೋದಾಗ ಎರಡು ಸುತ್ತು ಬಿಗಿ ಮಾಡ್ಬಿಟ್ಟೆ. ಈಗ ನೋಡು ಹೆಂಗೈತೆ!"

ಸಮನಾದ ಎರಡು ಬಲಗಳು ವಿರುದ್ಧ ದಿಕ್ಕಿನಲ್ಲಿ ವರ್ತಿಸಿದರೆ ಫಲಿತಾಂಶ ಸೊನ್ನೆ ಎಂಬುದನ್ನು ರುದ್ರಮೂರ್ತಿ ಎಷ್ಟೋ ವಿದ್ಯಾರ್ಥಿಗಳಿಗೆ ತೂಕದ ಕಲ್ಲು ಕಟ್ಟಿ ತೋರಿಸಿದ್ದ. ಇಷ್ಟು ಸ್ವಚ್ಛವಾಗಿ ಆ ನಿಯಮವು ಪ್ರಯೋಗಾಲಯದಲ್ಲಿ ಎಂದೂ ಸಿದ್ಧವಾಗಿರಲಿಲ್ಲ. ಅವನು ಇಬ್ಬರಿಗೂ ಗಟ್ಟಿಯಾಗಿ ಧನ್ಯವಾದ ಹೇಳಿದ. ಕೂಡಲೇ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಾಗಿ, ಇಬ್ಬರೂ ಜಗಲಿಯ ಮೇಲೆ ಕೂತು ಜಗಳಕ್ಕೆ ತೊಡಗಿದರು. ಆ ಬಿಡುವಿನಲ್ಲಿ ಅವನು ತನಗೆ ಬೇಕಾದಷ್ಟು ನಟ್ಟನ್ನು ತಿರುಗಿಸಿ, ಪೆಡಲನ್ನು ಒತ್ತಿ ಬಿಟ್ಟು, ಮತ್ತೆ ಒಂದಿಷ್ಟು ತಿರುಗಿಸಿ, ಎಂಜಿನ್ ಚಾಲೂ ಮಾಡಿ ಕಾಲನ್ನು ನಿಧಾನವಾಗಿ ಮೇಲೆತ್ತಿದ. ಕಾರು ನೆಗೆಯಲಿಲ್ಲ, ಕೆಮ್ಮಲಿಲ್ಲ. ಹೊಸ ಸೊಸೆ ಹೊಸ್ತಿಲು ದಾಟಿದಂತೆ ಮೆಲ್ಲಗೆ ಒಂದು ಮಾರು ಮುಂದಕ್ಕೆ ಬಂದಿತು. ಅವನು ಎಂಜಿನ್ ಆರಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ.

ಜಗಲಿಯಿಂದ ಎರಡು ಧ್ವನಿಗಳು ಒಟ್ಟಿಗೆ ಕೇಳಿಸಿದವು: "ನಾನು ಹೇಳ್ಲಿಲ್ವಾ?"

ಇನ್ನು ಉಳಿದದ್ದು ಗಾಳಿಗುಳ್ಳೆ. ಅದನ್ನು ಹೊರಗಟ್ಟಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲನ್ನು ತುಳಿದು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಬಳಿಯ ಪುಟ್ಟ ತಿರುಪನ್ನು ಸಡಿಲಿಸಿ, ಎಣ್ಣೆಯೊಂದಿಗೆ ಗಾಳಿ ಹೊರಬಂದ ಕೂಡಲೇ ಬಿಗಿಯಬೇಕು. ತಿರುಪು ಬಿಗಿಯುವ ತನಕ ಮೇಲಿನವರು ಕಾಲು ಎತ್ತಕೂಡದು. ಎತ್ತಿದರೆ ಹೋದ ಗಾಳಿ ಹೋದ ದಾರಿಯಲ್ಲೇ ವಾಪಸು ಬರುತ್ತದೆ.

ಹೆಂಡತಿ ಕೋಮಲಾ ಸೆರಗು ಸಿಕ್ಕಿಸಿಕೊಂಡು ಸೀಟಿನಲ್ಲಿ ಕೂತಳು. "ತುಳಿ." "ತುಳಿದೆ." "ಹಿಡಿ." "ಹಿಡಿದಿದೀನಿ ಕಣ್ರೀ." "ಈಗ ಬಿಡು." ಗಂಡಹೆಂಡಿರ ನಡುವೆ ಇಷ್ಟು ಹೊಂದಾಣಿಕೆ ಕಂಡು ಅವರಿಗೇ ಆಶ್ಚರ್ಯವಾಯಿತು. ಮೂರು ಚಕ್ರ ಮುಗಿಯಿತು. ನಾಲ್ಕನೆಯದಕ್ಕೆ ಅವನು ತಿರುಪು ಸಡಿಲಿಸಿ, ಪಾರದರ್ಶಕ ನಳಿಗೆಯಲ್ಲಿ ಎಣ್ಣೆ ಇಳಿಯುವುದನ್ನು ನೋಡುತ್ತಿದ್ದಾಗ, ಅಡುಗೆಮನೆಯಿಂದ ವಿಶಾಲಾಕ್ಷಮ್ಮನವರ ಧ್ವನಿ ಬಂದಿತು.

"ಕೋಮಲಾ! ಹಾಲು ಉಕ್ತಲ್ಲೇ!"

ಈ ಕೂಗಿಗೆ ಕೂತಲ್ಲೇ ಕೂತಿರುವ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ಕೋಮಲಾ ಕಾರಿನಿಂದ ಹಾರಿದಳು. ನಳಿಗೆಯು ಗುಟುಕ್ಕೆಂದು ಗಾಳಿಯನ್ನು ಒಳಗೆಳೆದುಕೊಂಡಿತು.

"ನಾನು ತುಳೀತೀನಿ ಬಿಡಪ್ಪಾ," ಎಂದು ಕನಕರಾಜುವಿನ ತಾಯಿ ದ್ಯಾಮಮ್ಮ ಸೀಟು ಹತ್ತಿದರು. "ಗೋಡೆ ಕಟ್ಟೋಕೆ ಮಣ್ಣು ತುಳಿದ ಕಾಲು ಇದು."

"ಅಜ್ಜಿ, ಮೆಲ್ಲಗೆ..."

ಮಣ್ಣು ತುಳಿದ ಕಾಲಿಗೆ ಮೆಲ್ಲಗೆ ಎಂಬ ಮಾತಿನ ಅರ್ಥ ಗೊತ್ತಿರಲಿಲ್ಲ. ದ್ಯಾಮಮ್ಮ ಎರಡೂ ಪಾದ ಸೇರಿಸಿ ತುಳಿದರು. ನಳಿಗೆ ಕಳಚಿ, ಎಣ್ಣೆಯು ರುದ್ರಮೂರ್ತಿಯ ಮುಖದ ಮೇಲೆ ಕಾರಂಜಿಯಾಗಿ ಚಿಮ್ಮಿತು. ಆದರೆ ಆ ಕಾರಂಜಿಯ ಕೊನೆಗೆ 'ಪುಳುಕ್' ಎಂಬ ಸಣ್ಣ ಸದ್ದೊಂದು ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡೇ ತಿರುಪನ್ನು ಬಿಗಿದ.

"ಈಗ ತುಳೀರಿ ಅಜ್ಜಿ."

"ಕಲ್ಲು ಆಗೈತಲ್ಲಪ್ಪಾ! ಕೆಳಕ್ಕೇ ಹೋಗ್ತಾ ಇಲ್ಲ. ಮುರಿದೋಯ್ತಾ ಏನು?"

"ಇಲ್ಲ ಅಜ್ಜಿ," ಎಂದ ರುದ್ರಮೂರ್ತಿ ಕೆಳಗಿನಿಂದಲೇ, ತುಟಿಯ ಮೇಲಿನ ಎಣ್ಣೆಯನ್ನು ಒರೆಸಿಕೊಂಡು, "ಸರಿ ಹೋಯ್ತು."

ಕನಕರಾಜುವೂ ರಘುನಾಥರೂ ಜಗಳ ನಿಲ್ಲಿಸಿ ಕಾರನ್ನು ಬೀದಿಗೆ ತಳ್ಳಿದರು. ರುದ್ರಮೂರ್ತಿ ಮುಖ ತೊಳೆಯಲು ಒಳಗೆ ಹೋದ. ಊಟ ಮಾಡದೆ ಗಾಡಿ ಮುಟ್ಟಕೂಡದೆಂದು ತಾಯಿ ತಟ್ಟೆ ಇಟ್ಟರು. ಅವನು ರೊಟ್ಟಿಯನ್ನು ಅಗಿಯದೆ ನುಂಗಿದ. ಆ ಅರ್ಧ ತಾಸಿನಲ್ಲಿ ಬೀದಿಯಲ್ಲಿ ಏನಾಯಿತೆಂಬುದು ಅವನಿಗೆ ತಿಳಿಯಲಿಲ್ಲ.

ಹೊರಗೆ ಬಂದು ಸೀಟಿನಲ್ಲಿ ಕುಳಿತ. ಬೀದಿಯ ಎರಡೂ ಕಡೆ ಜನ. ಕ್ಲಚ್ಚು ಒತ್ತಿ, ಗೇರು ಹಾಕಿ, ಮೆಲ್ಲಗೆ ಬಿಟ್ಟ. ಕೆಂಪು ಕಾರು ಬೀದಿಯಲ್ಲಿ ಹರಿಯಿತು. ಎಂಥ ನಯ! ಎರಡು ವರ್ಷಗಳ ಭಾನುವಾರಗಳು ಅವನ ಕೂದಲಿನ ಮೇಲೆ ಗಾಳಿಯಾಗಿ ಬೀಸಿದವು. ಮನೆಗಳು ಹಿಂದೆ ಸರಿದವು, ನಾಯಿಯೊಂದು ಓಡಿ ಬಂದು ಸೋತು ನಿಂತಿತು. ಬೀದಿ ಸ್ಟೇಷನ್ನಿನ ಕಡೆಗೆ ಇಳಿಜಾರಾಗುವಲ್ಲಿ ಅವನು ಶಾಂತವಾಗಿ ಬ್ರೇಕನ್ನು ಒತ್ತಿದ.

ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಕಾರು ಬೆಣ್ಣೆಯಂತೆ ಜಾರಿತು.

ಮತ್ತೆ ಒತ್ತಿದ. ಗುಳ್ಳೆಯಿಲ್ಲ, ಒತ್ತಡವಿದೆ, ಘರ್ಷಣೆ ಮಾತ್ರ ಇಲ್ಲ. ಇದು ಹೇಗೆ ಸಾಧ್ಯವೆಂದು ಅವನ ಬುದ್ಧಿಯ ಒಂದು ಭಾಗ ಯೋಚಿಸುತ್ತಿರುವಾಗ ಇನ್ನೊಂದು ಭಾಗ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿತು. ಅಲ್ಲಿ ದ್ಯಾಮಮ್ಮನ ಕಣವಿತ್ತು. ಕಣದಲ್ಲಿ ರಾಗಿಹುಲ್ಲಿನ ಬಣವೆಯಿತ್ತು. ಕಾರು ಬಣವೆಯೊಳಕ್ಕೆ, ರೊಟ್ಟಿಯ ತುಂಡು ಎಣ್ಣೆಗಾಯಿಯೊಳಗೆ ಇಳಿದಂತೆ, ಸದ್ದಿಲ್ಲದೆ ಇಳಿಯಿತು. ಹೊರಗೆ ಉಳಿದದ್ದು ಹಿಂದಿನ ಎರಡು ಚಕ್ರ ಮಾತ್ರ.

ಹುಲ್ಲಿನೊಳಗಿಂದ ತಲೆ ಹೊರಹಾಕಿದಾಗ ಅವನು ಮೊದಲು ಕಂಡದ್ದು ದ್ಯಾಮಮ್ಮನ ಎಮ್ಮೆಯ ಮುಖ. ಅದು ಅವನ ಕಿವಿಯ ಪಕ್ಕದ ಹುಲ್ಲನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು. ಎರಡನೆಯದಾಗಿ ಕಂಡದ್ದು ದೊಡ್ಡಬೀರಪ್ಪನ ಮುಖ. ದ್ಯಾಮಮ್ಮನ ಗಂಡ, ಒಂದು ಕಾಲಕ್ಕೆ ಈ ಸೀಮೆಯಲ್ಲೇ ಒಳ್ಳೆಯ ಎತ್ತಿನಗಾಡಿ ಇಟ್ಟಿದ್ದವರು. ಅವರ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು.

"ನೋಡ್ದೇನಪ್ಪಾ ರುದ್ರಪ್ಪಾ, ಹೆಂಗೆ ಉರುಳ್ತು! ಒಂಚೂರು ಸದ್ದಿಲ್ಲ!"

ರುದ್ರಮೂರ್ತಿ ಕಣ್ಣಿನ ಮೇಲಿನ ಹುಲ್ಲನ್ನು ಸರಿಸಿದ. "ಅಜ್ಜಾ, ಗಾಡೀನ ನೀವೇನಾದ್ರೂ ಮುಟ್ಟಿದ್ರಾ?"

"ಇವರು ತಳ್ಳುವಾಗ ಗಾಲಿ ಕಿರುಗುಟ್ತು ಕಣಪ್ಪಾ. ಹೊಸ ಗಾಡಿ, ಮೊದಲ ಪಯಣ. ಕಿರುಗುಡೋ ಗಾಡಿ ಮನೆ ಬಿಡಬಾರ್ದು. ಅಟ್ಟದ ಮೇಲೆ ಕೀಲೆಣ್ಣೆ ಇತ್ತು, ಹರಳೆಣ್ಣೆಗೆ ಹುಲ್ಲಿನ ಕರಿ ಕಲಸಿದ್ದು. ನಾಲ್ಕೂ ಗಾಲೀಲಿ ಆ ಹೊಳೆಯೋ ತಟ್ಟೆ ಇತ್ತಲ್ಲ, ಅದಕ್ಕೆ ಎರಡೂ ಕಡೆ ಮನಸಾರೆ ಹಾಕ್ದೆ."

ಬ್ರೇಕಿನ ಡಿಸ್ಕು! ಹಿಡಿದು ನಿಲ್ಲಿಸಬೇಕಾದ ಜಾಗಕ್ಕೆ, ಜಾರಲೆಂದೇ ಮಾಡಿದ ಕೀಲೆಣ್ಣೆ! ರುದ್ರಮೂರ್ತಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಮುದುಕನ ಎರಡೂ ಮೊಣಕೈವರೆಗೆ ಮಸಿಯಿತ್ತು. ಆ ವಯಸ್ಸಿನಲ್ಲಿ ನಾಲ್ಕು ಚಕ್ರದ ಮುಂದೆ ನಾಲ್ಕು ಸಲ ಕೂತೆದ್ದಿದ್ದರು.

"ಅಜ್ಜಾ, ಆ ತಟ್ಟೆ ಇರೋದು ಗಾಡಿ ನಿಲ್ಸೋಕೆ."

"ಅಲ್ಲ ಕಣಪ್ಪಾ, ಗಾಡಿ ಕಟ್ಟೋದು ಓಡ್ಲಿ ಅಂತಲೋ, ನಿಲ್ಲಿ ಅಂತಲೋ?"

"ಎರಡೂ ಬೇಕು ಅಜ್ಜಾ."

"ಎತ್ತಿಗೆ 'ಹೋ' ಅಂದ್ರೆ ಸಾಕಾಗಿತ್ತು," ಎಂದು ದೊಡ್ಡಬೀರಪ್ಪ ವಿಷಾದದಿಂದ ತಲೆಯಾಡಿಸಿದರು.

ಕನಕರಾಜುವಿನ ಟ್ರ್ಯಾಕ್ಟರು ಕಾರನ್ನು ಬಣವೆಯಿಂದ ಎಳೆದು ಮನೆಯ ಮುಂದೆ ತಂದಿತು. ಒಂದೆರಡು ಗೀರು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ. ಹೊತ್ತು ಪಡುವಣಕ್ಕೆ ವಾಲುತ್ತಿತ್ತು. ತಾಯಿ ಬಾಗಿಲಲ್ಲಿ ನಿಂತು ರಸ್ತೆಯ ತುದಿಯನ್ನು ನೋಡಿ ಒಳಗೆ ಹೋದರು. ಅದು ಗಿರಿಯಪ್ಪನ ದಾರಿ ಕಾಯುವ ನೋಟ.

ರುದ್ರಮೂರ್ತಿ ಕಟ್ಟೆಯ ಮೇಲೆ ಕುಸಿದು ಕೂತ. ಕೀಲೆಣ್ಣೆ ಡಿಸ್ಕಿಗೆ ಮಾತ್ರ ಮೆತ್ತಿರಲಿಲ್ಲ, ಡಿಸ್ಕನ್ನು ಅಪ್ಪಿ ಹಿಡಿಯುವ ಪ್ಯಾಡುಗಳೂ ಅದನ್ನು ಕುಡಿದಿದ್ದವು. ಭಾನುವಾರ, ಹೊಸ ಪ್ಯಾಡು ಅಜ್ಜಂಪುರದಲ್ಲಿ ಸಿಗುವುದಿಲ್ಲ, ಕಡೂರಿಗೆ ಹೋಗಿ ಬರುವಷ್ಟರಲ್ಲಿ ಕಾರು ಇರುವುದಿಲ್ಲ.

"ಎಣ್ಣೆ ಹಚ್ಚಿದ ಮೇಲೆ ನೀರು ಹುಯ್ಯೋದು ಗೊತ್ತಿಲ್ವಾ ನಿಮಗೆ?" ಎಂದಳು ಕೋಮಲಾ. "ದೀಪಾವಳಿ ಎಣ್ಣೆಸ್ನಾನ ಮಾಡ್ಸಿದಂಗೆ ಮಾಡ್ಸೋಣ ಏಳಿ."

ಹಂಡೆಯ ಬಿಸಿನೀರು ಬಂದಿತು. ದ್ಯಾಮಮ್ಮ ಸೀಗೆಪುಡಿ ತಂದರು. ಡಿಸ್ಕುಗಳಿಗೆ ಒಂದಾದ ಮೇಲೊಂದು ಎಣ್ಣೆ ಸ್ನಾನವಾಯಿತು; ರಘುನಾಥ್ ನೀರು ಹುಯ್ದರು, ಕನಕರಾಜು ತಿಕ್ಕಿದ, ಇವರು ತಣ್ಣೀರು ಬೆರೆಸಬೇಕೆಂದೂ ಅವನು ಬೆರೆಸಬಾರದೆಂದೂ ವಾದಿಸುತ್ತಲೇ. ದೊಡ್ಡಬೀರಪ್ಪ ಪ್ರಾಯಶ್ಚಿತ್ತವೆಂಬಂತೆ ತಮ್ಮ ಟವೆಲ್ಲಿನಿಂದಲೇ ಒರೆಸಿದರು.

"ಪ್ಯಾಡು?" ಎಂದ ರುದ್ರಮೂರ್ತಿ. "ಅದು ಒಳಗಡೆ ತನಕ ಕುಡಿದಿದೆ. ಎಣ್ಣೆ ಹೊಗೆಯಾಗಿ ಹೋಗೋ ತನಕ ಕಾಯಿಸ್ಬೇಕು. ಕುಲುಮೆ ಎಲ್ಲಿದೆ ಈಗ?"

ಕೋಮಲಾ ಒಂದು ಗಳಿಗೆ ಅಡುಗೆಮನೆಯ ಕಡೆ ನೋಡಿದಳು. "ಅತ್ತೆ ಹಿತ್ತಿಲಲ್ಲಿದ್ದಾರೆ," ಎಂದು ಪಿಸುಗುಟ್ಟಿದಳು.

ವಿಶಾಲಾಕ್ಷಮ್ಮನವರ ರೊಟ್ಟಿಯ ಹಂಚು ಮೂರು ತಲೆಮಾರಿನದು. ಅದರ ಮೇಲೆ ರೊಟ್ಟಿಯಲ್ಲದೆ ಬೇರೇನೂ ಬಿದ್ದಿರಲಿಲ್ಲ. ಈಗ ಅದರ ಮೇಲೆ ಎಂಟು ಬ್ರೇಕ್ ಪ್ಯಾಡುಗಳು ವರ್ತುಲಾಕಾರವಾಗಿ ಕೂತವು. ಕೋಮಲಾ ಚಿಮುಟದಿಂದ ಅವನ್ನು ಮಗುಚಿ ಹಾಕಿದಳು. ಹೊಗೆ ಎದ್ದಿತು, ಕೀಲೆಣ್ಣೆ ಗುಳುಗುಳು ಎಂದಿತು, ಮನೆಯೆಲ್ಲ ಸುಟ್ಟ ಟೈರೂ ಹರಳೆಣ್ಣೆಯೂ ಕೂಡಿದ ವಾಸನೆ. ಅದು ಕಡಿಮೆಯಾಗುತ್ತಾ ಬಂದು ಹೊಗೆ ನಿಂತಾಗ ರುದ್ರಮೂರ್ತಿ ಪ್ಯಾಡುಗಳನ್ನು ತಣಿಸಿ, ಉಪ್ಪುಕಾಗದದಿಂದ ಉಜ್ಜಿ, ಬೆರಳಿನಿಂದ ಮುಟ್ಟಿ ನೋಡಿದ. ಒರಟು. ಅವನು ಜೀವನದಲ್ಲಿ ಒರಟುತನಕ್ಕೆ ಇಷ್ಟು ಸಂತೋಷಪಟ್ಟಿರಲಿಲ್ಲ.

"ನನ್ನ ಹಂಚು!" ಎಂಬ ಕೂಗು ಅಡುಗೆಮನೆಯಿಂದ ಬರುವಷ್ಟರಲ್ಲಿ ಅವನು ಕಾರಿನ ಕೆಳಗಿದ್ದ.

ಪ್ಯಾಡು ಕೂರಿಸಿ, ತಿರುಪುಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿ ಅವನು ಏಳುವುದಕ್ಕೂ, ಬೀದಿಯ ತುದಿಯಲ್ಲಿ ಪಿಕಪ್ಪಿನ ಹಾರ್ನು ಕೇಳಿಸುವುದಕ್ಕೂ ಸರಿಹೋಯಿತು. ಗಿರಿಯಪ್ಪ ಬಂದಿದ್ದ. ಪಿಕಪ್ಪಿನ ಹಿಂದೆ, ಎಲ್ಲಿಂದಲೋ ಹಿಡಿದು ತಂದ ಬೇಟೆಯನ್ನು ಟಾರ್ಪಾಲಿನಿಂದ ಮುಚ್ಚಿ ಕಟ್ಟಿದಂತಿತ್ತು. ಕೈಯಲ್ಲಿ ಸರಪಳಿ. ಕೆಂಪು ಕಾರನ್ನು ಒಂದು ಸುತ್ತು ಹಾಕಿ, ಚಕ್ರಗಳನ್ನು ದಿಟ್ಟಿಸಿ, ಬಾಯಿ ಚಪ್ಪರಿಸಿದ. ಕೋಮಲಾ ಮುಖ ಆಚೆ ತಿರುಗಿಸಿದಳು.

"ತಗೊಂಡ್ಹೋಗ್ಲಾ ಅಮ್ಮಾ?"

"ನಿಲ್ಲಪ್ಪಾ. ಹೊತ್ತು ಇನ್ನೂ ಮುಳುಗಿಲ್ಲ," ಎಂದರು ವಿಶಾಲಾಕ್ಷಮ್ಮ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬೀದಿಯ ಮಧ್ಯೆ ನಿಂತರು. "ಕೆರೆ ಏರಿ ತನಕ ಹೋಗಿ ವಾಪಸ್ ಬಾ. ನಾನು ಇಲ್ಲೇ ನಿಂತಿರ್ತೀನಿ. ನನ್ನ ಮುಂದೆ ತಂದು ನಿಲ್ಸು."

"ಅಮ್ಮಾ, ಪಕ್ಕಕ್ಕೆ ನಿಂತ್ಕೊಳ್ಳಿ!"

"ಯಾಕೋ? ನಿನ್ನ ಬ್ರೇಕಿನ ಮೇಲೆ ನಿನಗೇ ನಂಬಿಕೆ ಇಲ್ವಾ?"

ರುದ್ರಮೂರ್ತಿ ಹೊರಟ. ಆದರೆ ಅವನು ರುದ್ರಮೂರ್ತಿಯೇ ತಾನೆ? ಯಾರೂ ಕಾಣದ ಏರಿಯ ಮೇಲೆ ನಡಿಗೆಯ ವೇಗದಲ್ಲಿ ಒಮ್ಮೆ ಬ್ರೇಕು ಹಿಡಿದು ನೋಡಿದ; ನಿಂತಿತು. ಸೈಕಲ್ಲಿನ ವೇಗದಲ್ಲಿ ಹಿಡಿದ, ನಿಂತಿತು. ಬೈಕಿನ ವೇಗದಲ್ಲಿ ಹಿಡಿದ. ಅವನ ಮೂಗು ಸ್ಟೀರಿಂಗಿಗೆ ತಾಗುವಷ್ಟು ಗಕ್ಕನೆ ನಿಂತಿತು. ಏರಿಯ ಮೇಲೆ ಒಬ್ಬನೇ ಕೂತು ನಕ್ಕ. ಆಮೇಲೆ ತಿರುಗಿಸಿಕೊಂಡು ಬಂದ.

ಬೀದಿ ಉಸಿರು ಹಿಡಿದಿತ್ತು. ವಿಶಾಲಾಕ್ಷಮ್ಮ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದರು. ಕಣ್ಣುಗಳು ಮಾತ್ರ ಗಟ್ಟಿಯಾಗಿ ಮುಚ್ಚಿದ್ದವು. ಕಾರು ಬಂದಿತು, ನಿಧಾನವಾಯಿತು, ಅವರಿಂದ ಒಂದು ಮಾರು ದೂರದಲ್ಲಿ ಗುರುವಿನ ಮುಂದೆ ಶಿಷ್ಯ ನಿಂತಂತೆ ನಿಂತಿತು. ಅವರು ಕಣ್ಣು ತೆರೆದು, ಮುಂದೆ ಬಂದು, ಕೆಂಪು ಮೂತಿಯ ಮೇಲೆ ಅಂಗೈ ಇಟ್ಟರು.

"ಬಿಸಿ ಇದೆ," ಎಂದರು. ಆಮೇಲೆ, ಮಗನಿಗೆ ಮಾತ್ರ ಕೇಳುವಂತೆ, "ನಿಮ್ಮಪ್ಪ ಇದ್ದಿದ್ರೆ ಕೂತ್ಕೋತಿದ್ರು."

ಬೀದಿ ಚಪ್ಪಾಳೆ ಹೊಡೆಯಿತು. ಕ್ಲಚ್ಚು ತಮ್ಮದೆಂದು ರಘುನಾಥ್ ಹೇಳಿದರು. ತನ್ನದೆಂದು ಕನಕರಾಜು ಹೇಳಿದ. ರುದ್ರಮೂರ್ತಿಯ ಕಣ್ಣು ಆಗಲೇ ಶೆಡ್ಡಿನ ಪಕ್ಕದ ಶೀಟಿನ ಚಪ್ಪರದ ಮೇಲಿತ್ತು. ಹಿಂದೆ ದನ ಕಟ್ಟುತ್ತಿದ್ದ ಜಾಗ, ಈಗ ಖಾಲಿ. ಒಂದು ಕಾರಿಗೆ ಅಳತೆ ಹಿಡಿದು ಕಟ್ಟಿದಂತಿತ್ತು.

"ಏನಯ್ಯಾ ಗಿರಿಯಪ್ಪ," ಎಂದರು ವಿಶಾಲಾಕ್ಷಮ್ಮ, "ಬರಿಗೈಲಿ ಹೋಗಂಗಾಯ್ತಲ್ಲ."

ಗಿರಿಯಪ್ಪ ಮೊಣಕಾಲೂರಿ ಕಾರಿನ ಕೆಳಗೆ ಇಣುಕುತ್ತಿದ್ದ. ಎದ್ದಾಗ ಅವನ ಧ್ವನಿ ಬದಲಾಗಿತ್ತು.

"ಸಾರ್, ಈ ಕ್ಲಚ್ ಕೇಬಲ್ಲು ಅಲ್ಲಿಂದ ತಿರುಗ್ಸಿ ತಂದಿದ್ದೀರಲ್ಲ, ಹೆಂಗೆ ಹೊಳೀತು ನಿಮಗೆ? ನಾನು ಮೂರು ವರ್ಷದಿಂದ ಒದ್ದಾಡ್ತಾ ಇದೀನಿ."

"ನೀವಾ?"

ಗಿರಿಯಪ್ಪ ಸುತ್ತ ನೋಡಿ, ಪಿಕಪ್ಪಿನ ಬಳಿಗೆ ಹೋಗಿ, ಟಾರ್ಪಾಲಿನ ಹಗ್ಗ ಬಿಚ್ಚಿದ. ಒಳಗಿದ್ದದ್ದು ಬೇಟೆಯಲ್ಲ. ನೀಲಿ ಬಣ್ಣದ, ಎರಡೇ ಸೀಟಿನ, ಮೇಲ್ಗ‌ಡೆ ಇಲ್ಲದ, ಒಂದೊಂದು ಚಕ್ರ ಒಂದೊಂದು ಅಳತೆಯ, ಅರ್ಧ ಕಟ್ಟಿದ ಕಾರು.

"ಗುಜರಿಗೆ ಎಂಥೆಂಥ ಒಳ್ಳೇ ಸಾಮಾನು ಬತ್ತಾವೆ ಅಂತೀರಿ," ಎಂದ ಅವನು, ಕದ್ದು ಸಿಕ್ಕಿಬಿದ್ದವನಂತೆ. "ಒಡೆಯೋಕೆ ಮನಸ್ಸು ಬರ್ಲಿಲ್ಲ. ಒಂದೊಂದೇ ಎತ್ತಿಟ್ಕೊಂಡೆ. ನಮ್ಮ ಮನೆಯಾಕೆ ತೀರ್ಥಮ್ಮ ಇವತ್ತು ಬೆಳಿಗ್ಗೆ, 'ಒಂದು ಆ ಗಾಡಿ ಹೊರಗೆ ಹೋಗ್ಬೇಕು, ಇಲ್ಲಾ ನೀನು ಹೋಗ್ಬೇಕು' ಅಂದ್ಬಿಟ್ಲು. ನಿಮ್ಮದು ಹೆಂಗಿದ್ರೂ ಒಡೆಯೋದೇ ಅಂತ, ಅದರ ಬ್ರೇಕು ಬಿಚ್ಚಿ ನನ್ನದಕ್ಕೆ ಹಾಕೋಣ ಅಂತ ಬಂದೆ, ಸುಳ್ಳು ಯಾಕೆ ಹೇಳ್ಲಿ. ಈಗ ಬ್ರೇಕು ಬೇಡ ಸಾರ್. ನೀವೇ ಬೇಕು." ಅವನು ವಿಶಾಲಾಕ್ಷಮ್ಮನವರ ಕಡೆ ತಿರುಗಿ ಕೈಮುಗಿದ. "ಅಮ್ಮಾ, ಇದು ಓಡೋ ತನಕ ಒಂಚೂರು ಜಾಗ ಕೊಡಿ. ಈ ಹಂಗಾಮಿನ ಈರುಳ್ಳಿ ಅಷ್ಟೂ ನನ್ನ ಪಿಕಪ್ಪಲ್ಲೇ ಮಾರ್ಕೆಟ್ಟಿಗೆ ಹಾಕ್ತೀನಿ. ಬಾಡಿಗೆ ಕೇಳಲ್ಲ."

ವಿಶಾಲಾಕ್ಷಮ್ಮ ವ್ಯಾಪಾರಸ್ಥೆ. ಯೋಚಿಸಲು ಅವರು ತೆಗೆದುಕೊಂಡ ಸಮಯದಲ್ಲಿ ಒಂದು ಈರುಳ್ಳಿಯ ಸಿಪ್ಪೆಯನ್ನೂ ಬಿಡಿಸಲಾಗುತ್ತಿರಲಿಲ್ಲ.

"ಆ ಚಪ್ಪರದಲ್ಲಿ ನಿಲ್ಸು."

"ಅಮ್ಮಾ!" ರುದ್ರಮೂರ್ತಿ ಕಾರಿನಿಂದ ಇಳಿದೇಬಿಟ್ಟ. "ಅದು ನನ್ನ ಗಾಡಿಗೆ ಅಂತ..."

"ಅಂತ ಯಾರು ಹೇಳಿದ್ರು? ಓಡಿ ನಿಂತ್ರೆ ಗುಜರಿಗೆ ಹಾಕಲ್ಲ ಅಂದಿದ್ದೆ. ಹಾಕ್ದೆನಾ?"

"ಇಲ್ಲ. ಆದ್ರೆ ನನ್ನದು ಎಲ್ಲಿ ನಿಲ್ಬೇಕು?"

"ಯಾಕೋ ನಿಲ್ಬೇಕು? ನಿಂದು ಓಡುತ್ತಲ್ಲ! ಓಡೋ ಗಾಡಿಗೆ ನೆರಳು ಯಾಕೆ? ಪಾಪ, ಓಡದೆ ಇರೋದಕ್ಕಲ್ವಾ ಸೂರು ಬೇಕಾಗಿರೋದು?"

"ದಿಟ ಕಣವ್ವಾ," ಎಂದರು ದೊಡ್ಡಬೀರಪ್ಪ. ರಘುನಾಥರೂ ಕನಕರಾಜುವೂ ಆ ದಿನ ಮೊದಲ ಬಾರಿಗೆ ಒಂದೇ ದಿಕ್ಕಿನಲ್ಲಿ ತಲೆಯಾಡಿಸಿದರು.

ರುದ್ರಮೂರ್ತಿ ಆ ವಾದದಲ್ಲಿ ತಪ್ಪು ಹುಡುಕಿದ. ಮೊದಲಿನಿಂದ ಕೊನೆಗೆ ಹುಡುಕಿದ. ಕೊನೆಯಿಂದ ಮೊದಲಿಗೆ ಹುಡುಕಿದ. ಬೆಳಿಗ್ಗೆಯವರೆಗೆ, ಓಡದೆ ಇದ್ದಾಗ, ಅವನ ಕಾರಿಗೆ ಇಡೀ ಶೆಡ್ಡಿತ್ತು. ಓಡುವಂತಾದ ಕ್ಷಣದಿಂದ ಅದಕ್ಕೆ ಆಕಾಶವೇ ಗತಿಯಾಗಿತ್ತು. ನೀಲಿ ಕಾರನ್ನು ಎಲ್ಲರೂ ಕೂಡಿ ಇಳಿಸಿ ಚಪ್ಪರದೊಳಗೆ ತಳ್ಳಿದರು. ಗಿರಿಯಪ್ಪ ತನ್ನ ಟಾರ್ಪಾಲನ್ನೂ ಅದರ ಮೇಲೆ ಹೊದಿಸಿದ. ಅಷ್ಟರಲ್ಲಿ ಕೆಂಪು ಮೂತಿಯ ಮೇಲೆ ದಪ್ಪನೆಯ ಹನಿಯೊಂದು ಬಿದ್ದು ಚುಂಯ್ ಎಂದಿತು. ಅದರ ಹಿಂದೆ ಇನ್ನೊಂದು.

ಅವನು ಮಳೆಯಲ್ಲಿ ಮಂಕಾಗಿ ನಿಂತಿದ್ದಾಗ ಕೋಮಲಾ ಒಳಗಿನಿಂದ ಕೊಡೆ ತಂದು, ಬಿಚ್ಚಿ, ಕಾರಿನ ಎಡಸೀಟಿನಲ್ಲಿ ಕೂತಳು. ಇಷ್ಟು ದಿನ ಅವಳು ಆ ಕಾರಿನಲ್ಲಿ ಪೆಡಲು ತುಳಿಯಲು ಮಾತ್ರ ಕೂತಿದ್ದಳು.

"ನಡೀರಿ. ನಿಂತು ನೆನೆಯೋದಕ್ಕಿಂತ ಓಡ್ತಾ ನೆನೆಯೋಣ."

ರುದ್ರಮೂರ್ತಿಗೆ ನಗು ಬಂದುಬಿಟ್ಟಿತು. ಊರಿನವರೆಲ್ಲ ತಮ್ಮ ಗಾಡಿಗಳನ್ನು ಒಳಗೆ ತಳ್ಳುತ್ತಿರುವಾಗ ಅವನೊಬ್ಬ ಸ್ಟೀರಿಂಗಿನ ಮುಂದೆ ಕೂತು ಕ್ಲಚ್ಚನ್ನು ಒತ್ತಿ, ಬೆರಳಗಲ ಬಿಟ್ಟು, ನಯವಾಗಿ ಮುಂದಕ್ಕೆ ಸಾಗಿದ. ಕೊಡೆ ಗಾಳಿಗೆ ಉಬ್ಬಿತು. ಕೋಮಲಾ ಕೂಗಿಕೊಂಡಳು, ಅದು ಭಯದ ಕೂಗಾಗಿರಲಿಲ್ಲ.

ಚಪ್ಪರದ ಕೆಳಗೆ, ಒಣಗಿದ ನೆಲದ ಮೇಲೆ, ಬೆಚ್ಚಗೆ ಕೂತ ಗಿರಿಯಪ್ಪ ಕೈಬೀಸಿದ.

"ನಿಧಾನಕ್ಕೆ ಸುತ್ತಾಡ್ಕೊಂಡು ಬನ್ನಿ ಸಾರ್! ನಮ್ಮದಕ್ಕೇನೂ ಅವಸರ ಇಲ್ಲ, ಒಳಗಡೆ ಇದೆ!"